ಹಂಪನಕಟ್ಟೆಯಿಂದ ಬಂದರಿನವರೆಗೆ: ಸಾಮಾನ್ಯ ಹೋಟೆಲುಗಳಲ್ಲಿ ಯಾವ ಹೊತ್ತಿಗೆ ಎಲ್ಲಿ ಏನು ತಿನ್ನಬಹುದು?

ಪಡುಗಾಳಿ:
ಜೂನ್ ಎರಡನೆಯ ವಾರದಲ್ಲಿ ಧಾರವಾಡದ ನೆಂಟರು ಮದುವೆಯೊಂದಕ್ಕಾಗಿ ಮಂಗಳೂರಿಗೆ ಬರುತ್ತಿದ್ದು, ಹಂಪನಕಟ್ಟೆಯ ವಸತಿಗೃಹವೊಂದರಲ್ಲಿ ಮೂರು ದಿನ ತಂಗುತ್ತಾರೆ. ಮದುವೆಯ ಊಟವೊಂದನ್ನು ಬಿಟ್ಟರೆ ಉಳಿದ ಹೊತ್ತಿನ ತಿಂಡಿ, ಊಟಗಳಿಗೆ ಅವರನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ಹೊಣೆ ನನ್ನ ಮೇಲೆ ಬಿದ್ದಿದೆ. ನಾನು ಸುರತ್ಕಲ್ಲಿನಲ್ಲಿ ವಾಸಿಸುವವನಾದ್ದರಿಂದ ಪೇಟೆಯ ಹೋಟೆಲುಗಳ ಇಂದಿನ ಸ್ಥಿತಿ ಅಷ್ಟಾಗಿ ತಿಳಿದಿಲ್ಲ. ಏಳು ಜನರ ತಂಡದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ, ಮೊಣಕಾಲು ನೋವಿರುವ ಹಿರಿಯ ಮಹಿಳೆಯೊಬ್ಬರಿದ್ದಾರೆ. ಮೀನಿನ ಆಸೆಗೇ ಮದುವೆಗೆ ಹೊರಟಿರುವ ಅವರ ಮಗನಿದ್ದಾನೆ. ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ತಾರಾ ಹೋಟೆಲುಗಳು ಬೇಡ. ನಡೆದು ಅಥವಾ ಆಟೋದಲ್ಲಿ ಬೇಗನೆ ತಲುಪಿ ಕುಳಿತು ತಿನ್ನಬಹುದಾದ ಸಾಮಾನ್ಯ ಹೋಟೆಲುಗಳು ಸಾಕು. ಹೆಸರುಗಳ ಪಟ್ಟಿ ಎಲ್ಲೆಡೆ ಸಿಗುತ್ತದೆ. ನನಗೆ ಬೇಕಿರುವುದು ಆ ಬೀದಿಗಳಲ್ಲಿ ದಿನವೂ ಉಣ್ಣುವವರ ಅಭಿಪ್ರಾಯ.

ಗಂಜಿಪ್ರಿಯ:
ಹಂಪನಕಟ್ಟೆಯ ಆಸುಪಾಸಿನಲ್ಲಿ ಹೋಟೆಲನ್ನು ಹೆಸರು ನೋಡಿ ಆರಿಸುವುದಕ್ಕಿಂತ ಗಡಿಯಾರ ನೋಡಿ ಆರಿಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ವೆನ್ಲಾಕ್ ಆಸ್ಪತ್ರೆಯ ರೋಗಿಗಳ ಜೊತೆಗಿರುವವರು, ನ್ಯಾಯಾಲಯಕ್ಕೆ ಬಂದವರು, ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಇಳಿಯುವವರು, ಅಂಗಡಿ ನೌಕರರು, ಬಾವುಟಗುಡ್ಡದ ಕಾಲೇಜುಗಳ ಮಕ್ಕಳು, ಇವರೆಲ್ಲರೂ ದಿನದ ಬೇರೆ ಬೇರೆ ಹೊತ್ತಿನಲ್ಲಿ ಇದೇ ಬೀದಿಗಳಿಗೆ ಹಸಿದು ಬರುತ್ತಾರೆ. ಇಲ್ಲಿನ ಒಲೆಗಳು ಅವರ ಹಸಿವಿನ ವೇಳೆಗೆ ಹೊಂದಿಕೊಂಡು ಉರಿಯುತ್ತವೆ.

ಬೆಳಗಿನ ತಿಂಡಿಗೆ ಎಂಟು ಗಂಟೆಯೊಳಗೆ ಹೊರಡಿ. ಇಲ್ಲಿನ ಬನ್ಸ್ ಎಂದರೆ ಎಣ್ಣೆಯಲ್ಲಿ ಕರಿದ ಸಿಹಿ ಪೂರಿ. ಬನ್ಸ್‌ನ ಹಿಟ್ಟನ್ನು ಕಳಿತ ಬಾಳೆಹಣ್ಣು, ಮೊಸರು, ಜೀರಿಗೆಯೊಂದಿಗೆ ಹಿಂದಿನ ರಾತ್ರಿಯೇ ಕಲಸಿಡುತ್ತಾರೆ. ಅದು ಮುಗಿದರೆ ಆ ದಿನಕ್ಕೆ ಮುಗಿಯಿತು. ಹತ್ತು ಗಂಟೆಗೆ ಹೋದವರಿಗೆ ಸಿಗುವುದು ತಣ್ಣಗಾಗಿ ಎಣ್ಣೆ ಹೀರಿಕೊಂಡ ಉಳಿಕೆ ಮಾತ್ರ. ಸಜ್ಜಿಗೆ-ಬಜಿಲ್, ಅಂದರೆ ಉಪ್ಪಿಟ್ಟಿನ ಮೇಲೆ ಖಾರದ ಅವಲಕ್ಕಿ, ಇದೂ ಬೆಳಗಿನದೇ ತಿಂಡಿ. ಮಧ್ಯಾಹ್ನ ಕೇಳಿದರೆ ಬಡಿಸುವವರು ನಿಮ್ಮ ಮುಖ ನೋಡುತ್ತಾರೆ. ಊಟದ ಹೊತ್ತು ಹನ್ನೆರಡೂವರೆಗೆ ಆರಂಭವಾಗಿ ಎರಡೂವರೆಗೆ ಬಹುತೇಕ ಮುಗಿಯುತ್ತದೆ. ಮೂರು ಗಂಟೆಗೆ ಊಟ ಸಿಗುವ ಹೋಟೆಲುಗಳಿಲ್ಲವೆಂದಲ್ಲ, ಆದರೆ ಆ ಹೊತ್ತಿಗೆ ತೊವ್ವೆ ನೀರಾಗಿ, ಪಲ್ಯದ ಪಾತ್ರೆಯ ತಳ ಕಾಣುತ್ತಿರುತ್ತದೆ. ನಾಲ್ಕರಿಂದ ಆರರವರೆಗೆ ಗೋಳಿಬಜೆಯ, ಅಂದರೆ ಮೈದಾ ಹಿಟ್ಟಿನ ಕರಿದ ಉಂಡೆಯ ಕಾಲ. ಸಂಜೆ ಏಳರ ಮೇಲೆ ಈ ಪ್ರದೇಶದ ಚಿಕ್ಕ ಹೋಟೆಲುಗಳಲ್ಲಿ ಬಾಗಿಲು ತೆರೆದಿರುವವು ಕಡಿಮೆ, ತೆರೆದಿದ್ದರೂ ಹುರುಪು ಇಳಿದಿರುತ್ತದೆ.

ದಕ್ಕೆಯ ಗೆಳೆಯ:
ಗಂಜಿಪ್ರಿಯರು ಗಡಿಯಾರ ನೋಡಲು ಹೇಳಿದ್ದಾರೆ. ಮೀನಿನ ವಿಷಯದಲ್ಲಿ ಪಂಚಾಂಗವನ್ನೂ ನೋಡಬೇಕಾಗುತ್ತದೆ. ನೆಂಟರು ಬರುವ ವಾರ ಮೀನಿನ ಮಟ್ಟಿಗೆ ವರ್ಷದ ಅತ್ಯಂತ ಬಡ ವಾರ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುತ್ತದೆ. ಜೂನ್ ಮೊದಲ ವಾರದಲ್ಲಿ ಕೇರಳದ ಮೀನು ಇನ್ನೂ ಬರುತ್ತಿರುತ್ತದೆ, ಆದರೆ 9ರ ಮಧ್ಯರಾತ್ರಿಯಿಂದ ಅಲ್ಲಿಯೂ ಟ್ರಾಲಿಂಗ್ (ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವ) ನಿಷೇಧ ಆರಂಭವಾಗುತ್ತದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ಕ್ಕೆ ಆರಂಭವಾದ ನಿಷೇಧ ಮುಗಿಯುವುದು ಜೂನ್ 14ಕ್ಕೆ. ಹೀಗಾಗಿ 10ರಿಂದ 14ರವರೆಗೆ ದಕ್ಷಿಣದ ಎರಡೂ ಕಡಲುಗಳಲ್ಲಿ ದೊಡ್ಡ ದೋಣಿಗಳು ದಡದಲ್ಲಿಯೇ ಇರುತ್ತವೆ. 15ರ ನಂತರ ತಮಿಳುನಾಡು, ಆಂಧ್ರದ ಕಡೆಯಿಂದ ಲಾರಿಗಳು ಬರತೊಡಗುತ್ತವೆ.

ಆ ಐದು ದಿನಗಳಲ್ಲಿ ಅಂಜಲ್ ಎಂಬ ದೊಡ್ಡ ಕಡಲಮೀನನ್ನು ಕೇಳಿದರೆ ತಟ್ಟೆಗೆ ಬರುವುದು ಹೆಚ್ಚಾಗಿ ಶೀತಲಗೃಹದ ಮೀನೇ. ಅದನ್ನು ಮೋಸವೆನ್ನಲಾಗದು, ಬೇರೆ ದಾರಿಯಿಲ್ಲ. ಮಳೆಗಾಲಕ್ಕೆ ಹೊಂದುವುದನ್ನು ಕೇಳುವುದು ಜಾಣತನ. ನಾಡದೋಣಿಗಳಿಗೆ ನಿಷೇಧ ಅನ್ವಯಿಸುವುದಿಲ್ಲವಾದ್ದರಿಂದ ಕಡಲು ಶಾಂತವಾಗಿದ್ದ ದಿನ ಸ್ವಲ್ಪ ಬೂತಾಯಿ, ಬಂಗುಡೆ ದಡ ಸೇರುತ್ತವೆ. ಅಳಿವೆಯ ಕಡೆಯ ಎಟ್ಟಿ (ಸಿಗಡಿ), ಹೊಳೆಮೀನು ಸಿಗುವುದುಂಟು. ಇವೆಲ್ಲಕ್ಕಿಂತ ಮಿಗಿಲಾಗಿ ಕುಚ್ಚಲಕ್ಕಿ ಗಂಜಿ ಮತ್ತು ಒಣಮೀನಿನ ಚಟ್ನಿ ಇದೆ. ಹೊರಗೆ ಜಡಿಮಳೆ ಸುರಿಯುವಾಗ ಅದನ್ನು ಉಂಡ ಮೇಲೆಯೂ ಕಾಣೆ ಮೀನಿನ ರವಾ ಫ್ರೈ ಸಿಗಲಿಲ್ಲವೆಂದು ದೂರುವವರೊಡನೆ ನನಗೆ ವಾದ ಬೇಡ.

ಬಂದರಿನ ನಾರಾಯಣ, ರಥಬೀದಿ ಕಡೆಯ ಗಿರಿ ಮಂಜಾಸ್, ಇವೆರಡರ ಹೆಸರನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಎರಡೂ ಕಡೆ ಜನಸಂದಣಿಯನ್ನು ನಿರೀಕ್ಷಿಸಿಯೇ ಹೋಗಬೇಕು. ಮೀನಿನ ಊಟದ ಹೋಟೆಲುಗಳಲ್ಲಿ ಕೆಲವು ಭಾನುವಾರ ಬಾಗಿಲು ತೆರೆಯುವುದಿಲ್ಲ. ಮೊದಲೇ ಫೋನಿನಲ್ಲಿ ವಿಚಾರಿಸಿಕೊಳ್ಳಿ.

ಉರ್ವದ ಓದುಗಿ:
ಇಂತಹ ಚರ್ಚೆಗಳಲ್ಲಿ ಚಿಕ್ಕ ಹೋಟೆಲಿನ ಹೊಗಳಿಕೆ ಯಾವಾಗಲೂ ಒಂದೇ ದನಿಯಲ್ಲಿ ಕೇಳಿಬರುತ್ತದೆ, ಮತ್ತು ಆ ದನಿ ಬಹುಮಟ್ಟಿಗೆ ಒಂಟಿಯಾಗಿ ಉಣ್ಣಲು ಹೋಗುವ ಗಂಡಸಿನದಾಗಿರುತ್ತದೆ. ಪ್ರಶ್ನೆ ಕೇಳಿದವರ ತಂಡದಲ್ಲಿ ಮೊಣಕಾಲು ನೋವಿನ ಹಿರಿಯರಿದ್ದಾರೆ. ನೀವು ಹೇಳುವ ಹೋಟೆಲುಗಳಲ್ಲಿ ಎಷ್ಟಕ್ಕೆ ಶೌಚಾಲಯವಿದೆ? ಇದ್ದರೂ ಅಡುಗೆಮನೆಯ ಹಿಂದಿನ ಓಣಿಯಲ್ಲಿ, ಒದ್ದೆ ಮೆಟ್ಟಿಲಿಳಿದು ಹೋಗಬೇಕಾದ ಸ್ಥಿತಿ. ಮೇಜುಗಳ ನಡುವೆ ಒಬ್ಬರು ಅಡ್ಡಲಾಗಿ ನುಸುಳುವಷ್ಟೇ ಜಾಗ. ಉಣ್ಣುತ್ತಿರುವವರ ಕುರ್ಚಿಯ ಬೆನ್ನು ಹಿಡಿದು ನಾಲ್ಕು ಜನ ಕಾಯುತ್ತ ನಿಂತಿರುವಾಗ ವಯಸ್ಸಾದವರು ನೆಮ್ಮದಿಯಿಂದ ಒಂದು ತುತ್ತು ನುಂಗುವುದು ಹೇಗೆ?

ಫ್ಯಾಮಿಲಿ ರೆಸ್ಟೋರೆಂಟ್ ಎಂದರೆ ಇಲ್ಲಿ ಹಲವರು ಮೂಗು ಮುರಿಯುತ್ತಾರೆ. ಅಲ್ಲಿ ಲಿಫ್ಟ್ ಇದೆ, ಕೈ ತೊಳೆಯಲು ಸಾಬೂನು ಇದೆ, ಏಳು ಜನ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಬಹುದು, ರಾತ್ರಿ ಹತ್ತಕ್ಕೂ ಅನ್ನ ಸಿಗುತ್ತದೆ. ಮೆಣಸಿನ ಸಾರು ಕೊಂಚ ಸಪ್ಪೆಯಾಗಿರಬಹುದು. ಆ ನಷ್ಟವನ್ನು ನಾನು ಸಂತೋಷದಿಂದ ಹೊರುತ್ತೇನೆ.

ಗಂಜಿಪ್ರಿಯ:
ಶೌಚಾಲಯದ ವಿಷಯದಲ್ಲಿ ಎದುರು ಹೇಳುವಂತಿಲ್ಲ. ಆದರೆ ಕುರ್ಚಿಯ ಹಿಂದೆ ನಿಲ್ಲುವ ತೊಂದರೆ ಮಧ್ಯಾಹ್ನ ಒಂದರಿಂದ ಎರಡರವರೆಗಿನದು. ಹನ್ನೆರಡೂವರೆಗೆ ಹೋದವರು ಅದನ್ನು ಕಾಣುವುದೇ ಇಲ್ಲ, ಜೊತೆಗೆ ಮೊದಲ ಹಂಡೆಯ ಅನ್ನವೂ ಅವರಿಗೇ ಸಿಗುತ್ತದೆ. ಅಪರಿಚಿತರೊಡನೆ ಮೇಜು ಹಂಚಿಕೊಳ್ಳುವುದು ಮಾತ್ರ ಇಲ್ಲಿನ ರೂಢಿ. ಏಳು ಜನರನ್ನು ಮೂರು ಮೇಜುಗಳಿಗೆ ಹಂಚಿ ಕೂರಿಸಿದರೆ ನೆಂಟರು ಬೇಸರಿಸಿಕೊಳ್ಳಬಾರದು.

ಹಳೆಯ ಒಲೆ:
ಈ ಪ್ರದೇಶದಲ್ಲಿ ಹಲವು ವರ್ಷ ಊಟದ ಹೋಟೆಲೊಂದನ್ನು ನಡೆಸಿ ಈಗ ವಿಶ್ರಾಂತನಾಗಿರುವ ನನಗೆ ಎರಡೂ ಕಡೆಯ ಮಾತಿನಲ್ಲಿ ಹುರುಳು ಕಾಣುತ್ತಿದೆ. ಆದರೂ ರುಚಿ ಎಲ್ಲಿಂದ ಬರುತ್ತದೆ ಎಂಬುದನ್ನು ಅಡುಗೆಮನೆಯ ಒಳಗಿನಿಂದ ಹೇಳುವುದು ಒಳ್ಳೆಯದು.

ಚಿಕ್ಕ ಹೋಟೆಲಿನಲ್ಲಿ ಒಂದು ದೊಡ್ಡ ಕಾವಲಿ, ಒಂದೋ ಎರಡೋ ಬಗೆಯ ಸಾರು, ಬೆಳಿಗ್ಗೆ ದಕ್ಕೆಯಲ್ಲಿ (ಮೀನುದೋಣಿಗಳು ತಂಗುವ ಕಟ್ಟೆಯಲ್ಲಿ) ಅಥವಾ ಮಾರುಕಟ್ಟೆಯಲ್ಲಿ ಕೊಂಡ ಮೀನು, ಇಷ್ಟೇ ಬಂಡವಾಳ. ಕೊಂಡದ್ದು ಮಧ್ಯಾಹ್ನ ಖಾಲಿಯಾಗಬೇಕು. ಉಳಿದರೆ ಅದು ನೇರ ನಷ್ಟ. ಆದ್ದರಿಂದ ಮಾಲೀಕನು ಅಳೆದು ಕೊಳ್ಳುತ್ತಾನೆ, 'ಆಯ್ತು, ಮುಗಿಯಿತು' ಎಂದು ಹೇಳಲು ಸಂಕೋಚಪಡುವುದಿಲ್ಲ. ಅರೆದ ಮಸಾಲೆ ಗಂಟೆಗಟ್ಟಲೆ ಕಾಯುವುದಿಲ್ಲ, ಕಾವಲಿಯ ಮೇಲೆ ಒಂದರ ಹಿಂದೆ ಒಂದರಂತೆ ಮೀನು ಬೀಳುತ್ತಿರುವುದರಿಂದ ಕಾವು ಇಳಿಯುವುದಿಲ್ಲ. ಇದರಲ್ಲಿ ವಿಶೇಷ ಕೈಗುಣಕ್ಕಿಂತ ವಹಿವಾಟಿನ ವೇಗವೇ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೂರು ಬಗೆಯ ಪಟ್ಟಿಯಿರುವಲ್ಲಿ ಹಾಗೆ ನಡೆಯಲು ಸಾಧ್ಯವೇ ಇಲ್ಲ. ಯಾವ ಗಿರಾಕಿ ಏನನ್ನು ಕೇಳುತ್ತಾನೋ ತಿಳಿಯದು. ಆದ್ದರಿಂದ ಎಲ್ಲವೂ ಅರ್ಧ ತಯಾರಾಗಿ ಶೀತಕದಲ್ಲಿ ಇರಬೇಕು. ಕೆಂಪು ಗ್ರೇವಿ, ಬಿಳಿ ಗ್ರೇವಿ, ಈರುಳ್ಳಿಯ ಗ್ರೇವಿ ಎಂದು ಮೂರು ನಾಲ್ಕು ಮೂಲ ಮಾಡಿಟ್ಟುಕೊಂಡು ಅದರಿಂದಲೇ ಮೂವತ್ತು ಹೆಸರುಗಳನ್ನು ಹುಟ್ಟಿಸಬೇಕು. ಉರ್ವದ ಓದುಗಿಯವರು ಹೇಳಿದ ಸಪ್ಪೆತನದ ಬೇರು ಅಲ್ಲಿದೆ. ಅಂತಹ ಹೋಟೆಲಿಗೆ ಹೋಗುವುದಾದರೆ ಪಟ್ಟಿಯನ್ನು ಬದಿಗಿಟ್ಟು, ಅಕ್ಕಪಕ್ಕದ ಮೇಜುಗಳಿಗೆ ಯಾವುದು ಪದೇ ಪದೇ ಹೋಗುತ್ತಿದೆ ಎಂದು ನೋಡಿ ಅದನ್ನೇ ಕೇಳಿ. ಕರಾವಳಿಯ ಹೋಟೆಲಿನಲ್ಲಿ ಕುಳಿತು ಪನೀರ್ ಬಟರ್ ಮಸಾಲಾ ತರಿಸುವುದು ಅವರವರ ಇಷ್ಟ. ಆದರೆ ಅದರ ರುಚಿ ನೋಡಿ ಊರಿಗೆ ಅಂಕ ಹಾಕಬೇಡಿ.

ಬಣ್ಣದ ಬಗ್ಗೆಯೂ ಒಂದು ಮಾತು. ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು 2024ರ ಮಾರ್ಚ್‌ನಲ್ಲಿ, ಕಬಾಬ್‌ಗಳಿಗೆ ಬೆರೆಸುವುದನ್ನು ಅದೇ ವರ್ಷದ ಜೂನ್‌ನಲ್ಲಿ ನಿಷೇಧಿಸಿತು. ನಮ್ಮ ಘೀ ರೋಸ್ಟ್, ಹುಳಿ-ಖಾರದ ಪುಳಿಮುಂಚಿಗಳಿಗೆ ಆ ಬಣ್ಣದ ಅಗತ್ಯ ಯಾವತ್ತೂ ಇರಲಿಲ್ಲ, ಏಕೆಂದರೆ ಬ್ಯಾಡಗಿ ಮೆಣಸು ಖಾರಕ್ಕಿಂತ ಹೆಚ್ಚು ಬಣ್ಣ ಕೊಡುವ ಮೆಣಸು. ಅದು ದುಬಾರಿಯಾದಾಗ ಕೆಲವರು ಅಗ್ಗದ ಮೆಣಸಿಗೆ ಪುಡಿ ಬಣ್ಣ ಸೇರಿಸುತ್ತಾರೆ. ತುಪ್ಪದಲ್ಲಿ ಹುರಿದ ಮಸಾಲೆ ಕಂದು ಛಾಯೆಗೆ ತಿರುಗಿರಬೇಕು. ಕುಂಕುಮದಂತೆ ಕೆಂಪಗೆ ಹೊಳೆಯುತ್ತ ತಟ್ಟೆಗೂ ಬೆರಳಿಗೂ ಅಂಟಿಕೊಂಡರೆ ಎರಡನೆಯ ತಟ್ಟೆ ಬೇಡವೆನ್ನಿ.

ರಥಬೀದಿಯ ನೆರೆಯವ:
ಹಿರಿಯ ಮಹಿಳೆಯ ಊಟದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹಂಪನಕಟ್ಟೆಯಿಂದ ರಥಬೀದಿಗೆ ಕಾಲ್ನಡಿಗೆಯಲ್ಲಿ ಹತ್ತು ಹದಿನೈದು ನಿಮಿಷ ಸಾಕು. ಮಳೆಯಿದ್ದರೆ ಆಟೋ ಹಿಡಿಯಿರಿ. ವೆಂಕಟರಮಣ ದೇವಸ್ಥಾನದ ಸುತ್ತಲಿನ ಬೀದಿಗಳು ಗೌಡ ಸಾರಸ್ವತರ ಹಳೆಯ ವಸತಿಯಾದ್ದರಿಂದ ಅಲ್ಲಿನ ಸಸ್ಯಾಹಾರದಲ್ಲಿ ಇಂಗು, ತೆಂಗಿನಕಾಯಿ, ಒಣಮೆಣಸುಗಳದೇ ರಾಜ್ಯಭಾರ. ಇಂಗಿನ ಒಗ್ಗರಣೆಯ ದಾಳಿತೋಯ್ ಎಂಬ ಬೇಳೆಸಾರು ಈರುಳ್ಳಿ, ಬೆಳ್ಳುಳ್ಳಿಗಳ ಹಂಗಿಲ್ಲದೆ ಊಟವನ್ನು ತುಂಬಿಸುತ್ತದೆ.

ಆದರೆ ಸಸ್ಯಾಹಾರಿ ಹೋಟೆಲೆಂದ ಮಾತ್ರಕ್ಕೆ ಈರುಳ್ಳಿ ಇರುವುದಿಲ್ಲವೆಂದು ನಂಬಬಾರದು. ಮಸಾಲೆ ದೋಸೆಯ ಪಲ್ಯದಲ್ಲಿ ಹೆಚ್ಚಿನ ಕಡೆ ಈರುಳ್ಳಿ ಇರುತ್ತದೆ. ಸಾಂಬಾರಿನಲ್ಲಿ ಒಂದು ದಿನ ಇದ್ದು ಇನ್ನೊಂದು ದಿನ ಇಲ್ಲದಿರಬಹುದು. ಕೇಳುವಾಗ 'ಈರುಳ್ಳಿ ಇದೆಯೇ' ಎಂದು ಕೇಳಿದರೆ ಅವಸರದಲ್ಲಿರುವ ಮಾಣಿ 'ಇಲ್ಲ' ಎಂದುಬಿಡುತ್ತಾನೆ. 'ಇವರು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ, ಇವರಿಗೆ ಏನು ಕೊಡಬಹುದು' ಎಂದು ಕೇಳಿದರೆ ಒಳಗೆ ಹೋಗಿ ವಿಚಾರಿಸಿಕೊಂಡು ಬರುತ್ತಾನೆ. ನೀರುದೋಸೆಗೆ ಬೆಲ್ಲ ಬೆರೆಸಿದ ಕಾಯಿತುರಿ, ಹಲಸಿನೆಲೆಯ ಕೊಟ್ಟೆ ಕಡುಬು, ಬನ್ಸ್ ಇವು ಸಾಮಾನ್ಯವಾಗಿ ತೊಂದರೆಯಿಲ್ಲದವು. ಗೋಳಿಬಜೆಯಲ್ಲಿ ಮೈದಾ, ಹುಳಿಮೊಸರು, ಶುಂಠಿ, ಹಸಿಮೆಣಸು, ಕಾಯಿಯ ಚೂರು ಮಾತ್ರ ಇರುವುದು ವಾಡಿಕೆ. ಮಳೆ ಹಿಡಿದು ಕೆಸುವಿನೆಲೆ ಬಂದಿದ್ದರೆ ಪತ್ರೊಡೆಯನ್ನು ಬಿಡಬೇಡಿ.

ಬಾವುಟಗುಡ್ಡದ ವಿದ್ಯಾರ್ಥಿ:
ಕಾಲೇಜು ಹೆಣ್ಣುಮಕ್ಕಳಿಗೆ ಮಾರ್ಕೆಟ್ ರಸ್ತೆಯ ಐಡಿಯಲ್ ಐಸ್‌ಕ್ರೀಮ್ ತೋರಿಸಿ. 1975ರಲ್ಲಿ ಶಿಬರೂರು ಪ್ರಭಾಕರ ಕಾಮತರು ಆರಂಭಿಸಿದ ಸಂಸ್ಥೆ ಅದು. ಲಾಲ್‌ಬಾಗಿನ (ಮಂಗಳೂರಿನದು) ಪಬ್ಬಾಸ್ ಐಸ್‌ಕ್ರೀಮ್ ಪಾರ್ಲರ್ ಕೂಡ ಅವರದೇ. ಉದ್ದನೆಯ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ, ಎರಡು ಮೂರು ಬಗೆಯ ಐಸ್‌ಕ್ರೀಮ್ ಸೇರಿದ ಗಡ್‌ಬಡ್ ಒಬ್ಬರಿಗೆ ಹೆಚ್ಚೇ ಆಗುತ್ತದೆ. ಇಬ್ಬರಿಗೆ ಒಂದು ಸಾಕು. ಅದರ ಹುಟ್ಟನ್ನು ಉಡುಪಿಯ ಡಯಾನಾ ಹೋಟೆಲಿಗೆ ಜೋಡಿಸುವವರಿದ್ದಾರೆ, ಆದ್ದರಿಂದ ಉಡುಪಿಯವರ ಎದುರಿಗೆ 'ಮಂಗಳೂರಿನ ಗಡ್‌ಬಡ್' ಎಂದು ಹೇಳುವಾಗ ಎಚ್ಚರವಿರಲಿ.

ಲೆಕ್ಕಿಗ:
ಬಿಲ್ಲಿನ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಇಂತಹ ಹೋಟೆಲುಗಳಲ್ಲಿ ಜಿಎಸ್‌ಟಿ ಶೇ 5. ರಾಜಿ ತೆರಿಗೆ (ಚಿಕ್ಕ ವ್ಯಾಪಾರಿಗಳಿಗಾಗಿ ಇರುವ ಕಾಂಪೊಸಿಷನ್) ಪದ್ಧತಿಯಲ್ಲಿ ನೋಂದಾಯಿಸಿಕೊಂಡ ಚಿಕ್ಕ ಹೋಟೆಲುಗಳು ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಮತ್ತು ಆ ಮಾತನ್ನು ಬಿಲ್ಲಿನಲ್ಲಿಯೇ ಮುದ್ರಿಸಬೇಕು. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು; ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ನಮ್ಮ ಊರಿನ ಸಾಮಾನ್ಯ ಹೋಟೆಲುಗಳಲ್ಲಿ ಈ ಶುಲ್ಕದ ಕಾಟ ಕಡಿಮೆ. ಇಲ್ಲಿ ಜೇಬಿಗೆ ಬೀಳುವ ಪೆಟ್ಟು ಬೇರೆಯದು: ಪಟ್ಟಿಯಲ್ಲಿ ಮಾಂಜಿ (ಪಾಂಫ್ರೆಟ್), ಕಾಣೆ, ಏಡಿಗಳ ಎದುರು ಬೆಲೆಯೇ ಇರುವುದಿಲ್ಲ, 'ಗಾತ್ರಕ್ಕೆ ತಕ್ಕಂತೆ' ಎಂದಿರುತ್ತದೆ. ಹುರಿಯುವ ಮೊದಲು ಹಸಿಮೀನನ್ನು ತೋರಿಸಲು ಹೇಳಿ, ಬೆಲೆ ಕೇಳಿ, ಒಪ್ಪಿಗೆಯಾದರೆ ಮಾತ್ರ ಕಾವಲಿಗೆ ಹಾಕಿಸಿ. ಮೀನಿನ ಊಟದಲ್ಲಿ ಅನ್ನ, ಸಾರು ಮತ್ತೆ ಮತ್ತೆ ಬಡಿಸುತ್ತಾರೆ, ಹುರಿದದ್ದಕ್ಕೆ ಬೇರೆ ಹಣ. ಘಟ್ಟದ ಮೇಲಿನಿಂದ ಬರುವವರು ಇದನ್ನು ತಿಳಿಯದೆ ಬಿಲ್ಲು ನೋಡಿ ಗಾಬರಿಯಾಗುತ್ತಾರೆ.

ಪಡುಗಾಳಿ:
ಎಲ್ಲರಿಗೂ ಧನ್ಯವಾದಗಳು. ದಕ್ಕೆಯ ಗೆಳೆಯರ ಮಾತು ಓದಿ ಧಾರವಾಡಕ್ಕೆ ಫೋನು ಮಾಡಿದೆ. ಅಂಜಲ್ ಆಸೆಯನ್ನು ಬಿಡಲು ಆ ಹಿರಿಯ ಮಹಿಳೆಯ ಮಗ ಸಿದ್ಧನಿಲ್ಲ. ಶೀತಲಗೃಹದ ಮೀನನ್ನು ಗುರುತಿಸುವುದು ಹೇಗೆ? ಇನ್ನೊಂದು ಪ್ರಶ್ನೆ: ಮದುವೆಯ ಮರುದಿನ ಶುಕ್ರವಾರ ಬರುತ್ತದೆ. ಆ ದಿನ ಬಂದರಿನ ಕಡೆ ಬ್ಯಾರಿಗಳ (ಕರಾವಳಿಯ ಮುಸ್ಲಿಮರ) ಬಿರಿಯಾನಿ ತಿನ್ನಬೇಕೆಂದು ಹುಡುಗಿಯರು ಹೇಳುತ್ತಿದ್ದಾರೆ.

ಕಂಕನಾಡಿ ಕಡೆಯವಳು:
ಶುಕ್ರವಾರವಾದರೆ ಹನ್ನೆರಡೂಕಾಲಿಗೇ ಹೋಗಿ ಕುಳಿತುಬಿಡಿ, ಇಲ್ಲವೇ ಎರಡೂವರೆಯ ಮೇಲೆ ಹೋಗಿ. ಜುಮಾ ನಮಾಜು ಮುಗಿದ ಕೂಡಲೇ ಬಂದರಿನ ಹೋಟೆಲುಗಳು ತುಂಬಿ ಬೀದಿಯವರೆಗೆ ಸಾಲು ಬರುತ್ತದೆ. ಬ್ಯಾರಿ ಬಿರಿಯಾನಿ ಹೈದರಾಬಾದಿನದರಂತೆ ಖಾರವಾಗಿರುವುದಿಲ್ಲ. ಮಸಾಲೆ ಕೆಳಗೆ, ತುಪ್ಪದ ಪರಿಮಳದ ಅನ್ನ ಮೇಲೆ, ಹುರಿದ ಈರುಳ್ಳಿ ಅಲ್ಲಲ್ಲಿ. ಖಾರ ಬೇಕೆನ್ನುವವರು ತಳದ ಮಸಾಲೆಯನ್ನು ಕೇಳಿ ಹಾಕಿಸಿಕೊಳ್ಳಬೇಕು. ನಮ್ಮ ಕಥೋಲಿಕರ ಸನ್ನ (ಇಡ್ಲಿಯಂಥದ್ದು) ಮತ್ತು ಹಂದಿಮಾಂಸದ ಬಫತ್ (ಮಸಾಲೆ ಸಾರು) ಬೇಕಿದ್ದರೆ ಹಂಪನಕಟ್ಟೆಯಲ್ಲಿ ಹುಡುಕುವುದಕ್ಕಿಂತ ಫಳ್ನೀರು, ಕಂಕನಾಡಿಯ ಕಡೆಗೆ ಬರುವುದು ಒಳ್ಳೆಯದು, ಅದೂ ಹಿಂದಿನ ದಿನವೇ ಹೇಳಿಟ್ಟು. ಬಫತ್ ಎರಡನೆಯ ದಿನ ಹೆಚ್ಚು ರುಚಿಯಾಗುವ ಅಡುಗೆ. 'ಈಗಷ್ಟೇ ಮಾಡಿದ್ದು' ಎಂಬ ಹೊಗಳಿಕೆ ಅದಕ್ಕೆ ಸಲ್ಲುವುದಿಲ್ಲ.

ದಕ್ಕೆಯ ಗೆಳೆಯ:
ಹಸಿಯಾಗಿದ್ದಾಗ ಕಣ್ಣು, ಕಿವಿರು ನೋಡಿ ಹೇಳಬಹುದು, ಆದರೆ ಅಂಜಲ್ ನಿಮ್ಮೆದುರಿಗೆ ಬರುವುದು ಹೋಳಾಗಿ, ಮಸಾಲೆ ಮೆತ್ತಿಕೊಂಡು. ಆಗ ಉಳಿಯುವ ಪರೀಕ್ಷೆ ತಿನ್ನುವುದೊಂದೇ. ತಾಜಾ ಅಂಜಲ್ ಬೆರಳಿನಿಂದ ಒತ್ತಿದರೆ ಪದರಪದರವಾಗಿ ಬಿಡಿಸಿಕೊಳ್ಳುತ್ತದೆ, ಒಳಗೆ ರಸವಿರುತ್ತದೆ. ಬಹಳ ದಿನ ಹೆಪ್ಪುಗಟ್ಟಿದ್ದ ಮೀನು ಒಣಗಿ ನಾರುನಾರಾಗಿ ಪುಡಿಯಾಗುತ್ತದೆ. ಮಾಣಿಯನ್ನು 'ತಾಜಾ ಇದೆಯೇ' ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಉತ್ತರ ಯಾವಾಗಲೂ ಒಂದೇ. 'ಇವತ್ತು ಯಾವ ಮೀನು ಬಂದಿದೆ' ಎಂದು ಕೇಳಿ. ಹತ್ತು ಹೆಸರು ಒಂದೇ ಉಸಿರಿಗೆ ಹೇಳಿದರೆ ಅನುಮಾನಿಸಿ. ಬಂಗುಡೆ ಮಾತ್ರ ಇದೆ, ಉಳಿದದ್ದು ಬೇಡ ಎಂದು ತಾನಾಗಿಯೇ ಹೇಳಿದರೆ ಆ ಹೋಟೆಲಿಗೆ ಮತ್ತೆ ಹೋಗಿ.

ಉರ್ವದ ಓದುಗಿ:
ಬಂಗುಡೆ ಮಾತ್ರ ಇದೆ ಎನ್ನುವ ಪ್ರಾಮಾಣಿಕತೆ ದೊಡ್ಡದೇ, ಆದರೆ ಏಳು ಜನರಲ್ಲಿ ಮೂವರಿಗೆ ಮುಳ್ಳು ಬಿಡಿಸಲು ಬಾರದಿದ್ದರೆ ಏನು ಮಾಡಬೇಕು ಎಂಬುದನ್ನೂ ಹೇಳಿ. ತಂಡವನ್ನು ಒಡೆಯಿರಿ ಎಂಬುದು ನನ್ನ ಸಲಹೆ. ಮೀನು ಬೇಕಾದವರು ಬಂದರಿಗೆ ಹೋಗಲಿ; ಹಿರಿಯರೊಡನೆ ಒಬ್ಬರು ವಸತಿಗೃಹದ ಹತ್ತಿರದ ಸಸ್ಯಾಹಾರಿ ಹೋಟೆಲಿನ ನೆಲಮಹಡಿಯಲ್ಲಿ ಕುಳಿತು ಊಟ ಮಾಡಲಿ. ಎಲ್ಲರೂ ಒಂದೇ ಮೇಜಿನಲ್ಲಿ ಉಣ್ಣಬೇಕೆಂಬ ಹಟದಿಂದಲೇ ಇನ್ನೂರು ಬಗೆಯ ಪಟ್ಟಿಗಳು ಹುಟ್ಟಿಕೊಂಡಿವೆ.

ಹಳೆಯ ಒಲೆ:
ಇದನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಇದನ್ನು ಫ್ಯಾಮಿಲಿ ರೆಸ್ಟೋರೆಂಟಿನ ಪಕ್ಷಪಾತಿಯೊಬ್ಬರ ಬಾಯಿಂದ ಕೇಳಿದ್ದು ಇನ್ನೂ ಸಂತೋಷ.

ರಥಬೀದಿಯ ನೆರೆಯವ:
ಶುಚಿತ್ವದ ಬಗ್ಗೆ ಯಾರಾದರೂ ಕೇಳುವ ಮೊದಲೇ: ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಗೋಡೆಯ ಮೇಲೂ, 2022ರ ಜನವರಿಯಿಂದ ಬಿಲ್ಲಿನ ಮೇಲೂ ಇರಬೇಕು. ಅದು ನೋಂದಣಿಯ ಗುರುತೇ ಹೊರತು ಶುಚಿತ್ವದ ಪ್ರಮಾಣಪತ್ರವಲ್ಲ. ನಾನು ನೋಡುವುದು ಸಂಜೆಯ ಬಾಣಲೆಯನ್ನು. ಎಣ್ಣೆ ಕಪ್ಪಾಗಿ, ಬಜೆ ಬಿಡುವ ಮೊದಲೇ ನೊರೆ ಏಳುತ್ತಿದ್ದರೆ ಅಲ್ಲಿಂದ ಮುಂದೆ ನಡೆಯುತ್ತೇನೆ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು (ಪದೇ ಪದೇ ಕಾಯಿಸಿದಾಗ ಹೆಚ್ಚುವ ಕೆಟ್ಟ ಅಂಶಗಳು) ಶೇ 25ನ್ನು ಮೀರಬಾರದೆಂದು 2018ರ ಜುಲೈಯಿಂದ ನಿಯಮವಿದೆ. ಆದರೆ ಅದನ್ನು ಅಳೆಯುವ ಉಪಕರಣ ಗಿರಾಕಿಯ ಬಳಿ ಇರುವುದಿಲ್ಲ, ಮೂಗು ಇರುತ್ತದೆ.

ಪಡುಗಾಳಿ:
ಹೀಗಾದರೆ ಹೀಗೆ ಮಾಡುತ್ತೇನೆ: ಬೆಳಗಿನ ತಿಂಡಿಗೆ ಎಲ್ಲರೂ ಒಟ್ಟಾಗಿ, ಎಂಟರೊಳಗೆ, ಮಧ್ಯಾಹ್ನ ಎರಡು ಗುಂಪು, ಹನ್ನೆರಡೂವರೆಗೆ, ಸಂಜೆ ಗೋಳಿಬಜೆ ಮತ್ತು ಐಸ್‌ಕ್ರೀಮ್. ರಾತ್ರಿಯದೊಂದೇ ಬಗೆಹರಿದಿಲ್ಲ. ಒಂದು ರಾತ್ರಿಯಾದರೂ ಎಲ್ಲರೂ ಜೊತೆಯಾಗಿ ಕುಳಿತು ಉಣ್ಣುವಂತಿರಬೇಕು, ಮೀನಿನ ಮಗನಿಗೂ ಸಮಾಧಾನವಾಗಬೇಕು.

ಹಳೆಯ ಒಲೆ:
ರಾತ್ರಿ ಮೀನಿನ ಗೊಡವೆ ಬೇಡ, ಕೋರಿ ರೊಟ್ಟಿಗೆ ಹೋಗಿ. ರೊಟ್ಟಿ ಒಣಗಿದ್ದು, ಕೆಡುವಂಥದ್ದಲ್ಲ. ಕೋಳಿ ಸಾರು ಸಂಜೆಯ ಹೊತ್ತಿಗೆ ಹೊಸದಾಗಿ ಕುದಿಯುತ್ತದೆ. ಹಾಗಾಗಿ ರಾತ್ರಿಯಲ್ಲಿ ನಂಬಬಹುದಾದ ಅಡುಗೆ ಅದೇ. ರೊಟ್ಟಿಯನ್ನು ಮುರಿದು ಸಾರು ಸುರಿದ ಕೂಡಲೇ ಗರಿಗರಿಯಾಗಿ ತಿನ್ನುವುದೋ, ನೆನೆದು ಮೆತ್ತಗಾಗುವವರೆಗೆ ಕಾಯುವುದೋ ಎಂಬುದು ಅವರವರ ಮನೆತನಕ್ಕೆ ಬಿಟ್ಟದ್ದು. ಹೊಸಬರಿಗೆ ಸಾರನ್ನು ಬೇರೆ ಬಟ್ಟಲಲ್ಲಿ ಕೇಳಿ ಪಡೆಯುವುದು ಅನುಕೂಲ. ಹಿರಿಯರಿಗೆ ಅದೇ ಮೇಜಿನಲ್ಲಿ ನೀರುದೋಸೆ, ಬೆಲ್ಲ ಬೆರೆಸಿದ ಕಾಯಿತುರಿ ಕೊಡಿಸಬಹುದು, ಆದರೆ ಮಾಂಸದ ಅಡುಗೆಯಿರುವ ಹೋಟೆಲಿನಲ್ಲಿ ಉಣ್ಣಲು ಅವರಿಗೆ ಮನಸ್ಸಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಒಪ್ಪಿದರೆ ನೆಲಮಹಡಿಯಲ್ಲಿಯೇ ಮೇಜು ಸಿಗುವ ಹೋಟೆಲನ್ನು ಆರಿಸಿ, ಸಂಜೆ ಆರು ಗಂಟೆಗೆ ಫೋನು ಮಾಡಿ ಏಳು ಜನ ಬರುತ್ತಿದ್ದೇವೆ ಎಂದು ತಿಳಿಸಿ, ರೊಟ್ಟಿ ಸಾಕಷ್ಟು ಇದೆಯೇ ಎಂದು ವಿಚಾರಿಸಿಕೊಳ್ಳಿ. ಮದುವೆಯ ದಿನಗಳಲ್ಲಿ ಎಂಟೂವರೆಯ ಮೇಲೆ ಇಡೀ ಬೀದಿಗೇ ಹಸಿವಾಗುತ್ತದೆ.